ಕುಮಟಾದಿಂದ ಗೋಕರ್ಣಕ್ಕೆ ಕಡಲ ದಂಡೆ ನಡಿಗೆ: ದಾರಿ ಯಾವುದು, ಡಾಲ್ಫಿನ್ ಎಲ್ಲಿ ಕಾಣ್ತದೆ, ಯಾವಾಗ ಹೋಗಬಾರದು? ಇಲ್ಲಿದೆ ಪೂರ್ತಿ ಮಾಹಿತಿ

ಕುಮಟಾ: ಮಳೆಗಾಲ ಮುಗಿದು ಸಮುದ್ರದ ಅಬ್ಬರ ಇಳಿಯುತ್ತಿದ್ದಂತೆ ಬೆನ್ನಿಗೆ ದೊಡ್ಡ ಬ್ಯಾಗ್ ಹಾಕಿಕೊಂಡ ಯುವಕ ಯುವತಿಯರು ತಾಲೂಕಿನಲ್ಲಿ ಕಾಣಿಸಿಕೊಳ್ಳಲು ಶುರು. ಬೆಂಗಳೂರು, ಹುಬ್ಬಳ್ಳಿ, ಪುಣೆ ಕಡೆಯಿಂದ ಬರುವ ಇವರು ಅಂಗಡಿ, ಹೋಟೆಲ್, ರಿಕ್ಷಾ ಸ್ಟ್ಯಾಂಡಿನಲ್ಲಿ ಕೇಳೋದು ಹೆಚ್ಚುಕಮ್ಮಿ ಇವೇ ಪ್ರಶ್ನೆ: ಗೋಕರ್ಣಕ್ಕೆ ದಂಡೆ ಮೇಲೇ ನಡೆದು ಹೋಗಬಹುದಾ? ಡಾಲ್ಫಿನ್ ಎಲ್ಲಿ ಕಾಣ್ತದೆ? ಹೊಳೆ ದಾಟೋದು ಹೇಗೆ?

ಉತ್ತರ ಹೇಳುವವರು ಸ್ಥಳೀಯರೇ. ಅಂಗಡಿ ಕಟ್ಟೆಯಲ್ಲಿ ಸಿಗುವ ಒಂದು ಸರಿಯಾದ ಮಾತು ಒಂದು ಜೀವ ಉಳಿಸಬಹುದು, ತಪ್ಪು ಮಾತು ಯಾರನ್ನೋ ಬಂಡೆ ಮೇಲೆ ಸಿಕ್ಕಿಸಬಹುದು. ಹಾಗಾಗಿ ತಾಲೂಕಿನವರಿಗೆ ಉಪಯೋಗಕ್ಕೆ ಬರುವಂತೆ ಈ ದಾರಿಯ ಮಾಹಿತಿ, ದಾರಿಯಲ್ಲಿ ಕಾಣುವ ಸಮುದ್ರ ಜೀವಿಗಳ ಮಾಹಿತಿ ಎರಡನ್ನೂ ಇಲ್ಲಿ ಕೊಡಲಾಗಿದೆ.

ದಾರಿ ಯಾವುದು?

ಕುಮಟಾ ಪಟ್ಟಣದ ದಂಡೆಯಿಂದ ಗೋಕರ್ಣದ ಮುಖ್ಯ ದಂಡೆವರೆಗೆ ಸುಮಾರು 25 ಕಿ.ಮೀ. ಯಾವ ದಾರಿ ಹಿಡಿಯುತ್ತೀರಿ ಎನ್ನುವುದರ ಮೇಲೆ ಒಂದೆರಡು ಕಿ.ಮೀ. ಹೆಚ್ಚುಕಮ್ಮಿ ಆಗ್ತದೆ. ದಕ್ಷಿಣದಿಂದ ಉತ್ತರಕ್ಕೆ ಹೋಗುವುದರಿಂದ ಸಮುದ್ರ ಯಾವಾಗಲೂ ಎಡಗೈಗೆ ಇರ್ತದೆ. ಸಮುದ್ರ ಬಲಕ್ಕೆ ಬಂತು ಅಂದ್ರೆ ದಾರಿ ತಪ್ಪಿದೆ ಅಂತಲೇ ಅರ್ಥ.

ಮೊದಲ ಭಾಗ ಅಘನಾಶಿನಿ ಹೊಳೆಯ ದಕ್ಷಿಣ ದಡದ್ದು. ವನ್ನಳ್ಳಿ, ಮಂಗೋಡ್ಲು, ಹೊಲನಗದ್ದೆಯ ಕಡ್ಲೆ ದಾಟಿ ಗುಡೇಅಂಗಡಿ, ಬಾಡ, ಕಾಗಾಲ ಕಡೆಗೆ ಹೋಗ್ತದೆ. ಮೊದಲಿಗೆ ಸಣ್ಣ ಸಣ್ಣ ದಂಡೆ, ನಡುವೆ ಸಮುದ್ರಕ್ಕೆ ಚಾಚಿಕೊಂಡ ಗುಡ್ಡಗಳು. ಆಮೇಲೆ ಬಾಡ, ಕಾಗಾಲ ಕಡೆ ಉದ್ದನೆಯ ಮರಳು ದಂಡೆ, ಪಕ್ಕದಲ್ಲಿ ಗಾಳಿ ಮರ. ಪ್ರವಾಸಿಗರು ಇದನ್ನೇ ನಿರ್ವಾಣ ಬೀಚ್ ಅಂತ ಕರೀತಾರೆ. ಕೊನೆಗೆ ಅಘನಾಶಿನಿ ಊರು.

ಅಲ್ಲಿಂದ ಹೊಳೆ ದಾಟಿದರೆ ಆಚೆ ದಡವೇ ತದಡಿ ಬಂದರು. ಜನರನ್ನೂ ಬೈಕನ್ನೂ ದಾಟಿಸುವ ದೋಣಿ ಇದೆ. ದೋಣಿ ಎಷ್ಟು ಗಂಟೆವರೆಗೆ ಇರ್ತದೆ ಎಂದು ಬೆಳಗ್ಗೆ ಹೊರಡುವಾಗಲೇ ಕೇಳಿಕೊಳ್ಳಬೇಕು. ತಡವಾದರೆ ರಸ್ತೆ ಮೇಲೆ ಸುತ್ತು ಹಾಕಿ ಮಿರ್ಜಾನ್ ಕಡೆಯಿಂದ ಬರಬೇಕಾಗ್ತದೆ. ಅಳಿವೆ ಬಾಯಿಯಲ್ಲಿ ಈಜಿ ದಾಟುವ ಯೋಚನೆ ಯಾರಿಗಾದರೂ ಇದ್ದರೆ ಅಲ್ಲೇ ತಡೆಯಿರಿ. ಇಳಿತದ ಹೊತ್ತಿಗೆ ಹೊಳೆ ನೀರು ಸಮುದ್ರಕ್ಕೆ ಎಳೆಯುವ ಜೋರು ಎಷ್ಟೆಂದು ದೋಣಿಯವರಿಗೆ ಗೊತ್ತು.

ಎರಡನೇ ಭಾಗ ತದಡಿಯಿಂದ ಗೋಕರ್ಣ. ಬೇಲೆಕಾನ್, ಪ್ಯಾರಡೈಸ್, ಹಾಫ್ ಮೂನ್, ಓಂ, ಕುಡ್ಲೆ, ಕೊನೆಗೆ ಗೋಕರ್ಣದ ಮುಖ್ಯ ದಂಡೆ. ಇದು ದೂರ ಕಮ್ಮಿ, ಆದರೆ ಹತ್ತೋದು ಇಳಿಯೋದು ಜಾಸ್ತಿ. ಪ್ಯಾರಡೈಸ್, ಹಾಫ್ ಮೂನ್ ನಡುವೆ ಬಂಡೆ ಹತ್ತಿ ಇಳಿಯಬೇಕು. ಹಾಫ್ ಮೂನ್‌ನಿಂದ ಓಂ ಬೀಚಿಗೆ ಗುಡ್ಡದ ಅಂಚಿನ ಕಾಲುದಾರಿ, ಅರ್ಧ ಗಂಟೆ ಆಸುಪಾಸು. ಓಂನಿಂದ ಕುಡ್ಲೆಗೆ ಚೀರೆಕಲ್ಲಿನ ಬೋಳು ಗುಡ್ಡದ ಮೇಲೆ ಹೋಗಬೇಕು, ನೆರಳಿಲ್ಲ.

ಗಟ್ಟಿಗರು ಒಂದೇ ದಿನದಲ್ಲಿ ಮುಗಿಸ್ತಾರೆ. ಆದರೆ ಸಮುದ್ರ ಜೀವಿ ನೋಡುವ ಆಸೆ ಇದ್ದವರು ಎರಡು ದಿನ ಇಟ್ಟುಕೊಳ್ಳುವುದೇ ಒಳ್ಳೆಯದು. ಮಕ್ಕಳು, ವಯಸ್ಸಾದವರು ಇದ್ದರೆ ಓಂನಿಂದ ಹಾಫ್ ಮೂನ್‌ವರೆಗೆ ಹೋಗಿ ವಾಪಸ್ ಬಂದರೂ ಸಾಕು. ಕಾಣುವುದೇನೂ ಕಮ್ಮಿ ಆಗುವುದಿಲ್ಲ.

ಯಾವ ತಿಂಗಳು?

ನವೆಂಬರ್‌ನಿಂದ ಫೆಬ್ರವರಿ ಒಳ್ಳೆಯ ಕಾಲ. ಮಾರ್ಚ್ ನಂತರ ಬಿಸಿಲು ಸುಡ್ತದೆ. ಮರಳಿನ ಮೇಲೆ ಹನ್ನೊಂದು ಗಂಟೆ ಮೇಲೆ ನಡೆಯೋದು ಕಷ್ಟ.

ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಹೋಗಲೇಬಾರದು. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳೇ ಸಮುದ್ರಕ್ಕೆ ಇಳಿಯುವುದಿಲ್ಲ. ಆ ನಿಷೇಧ ಮೀನು ಮರಿ ಮಾಡುವ ಕಾಲ ಅಂತ ಇರುವುದು ಹೌದು, ಸಮುದ್ರದ ಅಬ್ಬರವೂ ಆಗಲೇ. ದಂಡೆಯನ್ನೇ ಅಲೆ ತಿಂದಿರ್ತದೆ, ಬಂಡೆ ಪಾಚಿ ಕಟ್ಟಿರ್ತದೆ, ಗುಡ್ಡದ ಮಣ್ಣು ಸಡಿಲ ಆಗಿರ್ತದೆ. 2024ರ ಜುಲೈ 16ರಂದು ಅಂಕೋಲಾ ತಾಲೂಕಿನ ಶಿರೂರಿನಲ್ಲಿ ಹೆದ್ದಾರಿ ಮೇಲೆಯೇ ಗುಡ್ಡ ಕುಸಿದು ಜೀವಗಳು ಹೋಗಿದ್ದನ್ನು ಜಿಲ್ಲೆ ಮರೆತಿಲ್ಲ. ಮಳೆಯಲ್ಲಿ ಕಾಲುದಾರಿಯ ಗುಡ್ಡವನ್ನು ನಂಬುವ ಹಾಗಿಲ್ಲ.

ಗಡಿಯಾರ ಅಲ್ಲ, ಉಬ್ಬರ ಇಳಿತ ನೋಡಿ

ಹೊರಗಿನವರಿಗೆ ಗೊತ್ತಿರದ ವಿಷಯ ಇದೇ. ದಿನಕ್ಕೆ ಎರಡು ಸಲ ಉಬ್ಬರ, ಎರಡು ಸಲ ಇಳಿತ. ಒಂದರಿಂದ ಇನ್ನೊಂದಕ್ಕೆ ಆರು ಗಂಟೆ ಚಿಲ್ಲರೆ. ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗ್ತದೆ. ಹಾಗಾಗಿ "ನಿನ್ನೆ ಹತ್ತು ಗಂಟೆಗೆ ಬಂಡೆ ಸುತ್ತಿ ಹೋದೆವು" ಅಂತ ಯಾರೋ ಹೇಳಿದ್ದು ಮುಂದಿನ ವಾರಕ್ಕೆ ಲೆಕ್ಕಕ್ಕೆ ಬರುವುದಿಲ್ಲ.

ಹುಣ್ಣಿಮೆ, ಅಮಾವಾಸ್ಯೆ ಆಸುಪಾಸು ಉಬ್ಬರವೂ ದೊಡ್ಡದು, ಇಳಿತವೂ ದೊಡ್ಡದು. ಅಷ್ಟಮಿ ಹತ್ತಿರ ಎರಡೂ ಸಣ್ಣದು. ಬಂಡೆ ನಡುವಿನ ಜೀವಿಗಳನ್ನು ನೋಡಲು ಹುಣ್ಣಿಮೆ, ಅಮಾವಾಸ್ಯೆಯ ಇಳಿತವೇ ಒಳ್ಳೆಯದು, ಯಾಕೆಂದರೆ ನೀರು ತುಂಬಾ ಹಿಂದೆ ಸರೀತದೆ. ಆದರೆ ಅದೇ ದಿನ ಉಬ್ಬರ ಬಂದಾಗ ಬಂಡೆಯ ಬುಡದ ದಾರಿ ಪೂರ್ತಿ ಮುಳುಗ್ತದೆ. ಇಳಿತ ಮುಟ್ಟುವ ಒಂದು ಗಂಟೆ ಮೊದಲು ಬಂಡೆಗೆ ಇಳಿಯಿರಿ, ನೀರು ತಿರುಗಿತು ಅಂದ ಕೂಡಲೇ ಮೇಲೆ ಬನ್ನಿ. ಇಷ್ಟು ನಿಯಮ ಪಾಲಿಸಿದರೆ ಅರ್ಧ ಅಪಾಯ ಕಮ್ಮಿ ಆಗ್ತದೆ.

ಕಾರವಾರ ಬಂದರಿನ ಉಬ್ಬರ ಇಳಿತದ ವೇಳೆ ಮೊಬೈಲ್‌ನಲ್ಲೇ ಸಿಗ್ತದೆ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ದೊಡ್ಡ ಅಲೆಗಳ ಮುನ್ನೆಚ್ಚರಿಕೆ ಕೊಡ್ತದೆ. ಆ ಎಚ್ಚರಿಕೆ ಇದ್ದ ದಿನ ಆಕಾಶ ಎಷ್ಟೇ ತಿಳಿಯಾಗಿದ್ದರೂ ಬಂಡೆಗೆ ಹೋಗಬಾರದು. ದೂರದ ಸಮುದ್ರದಲ್ಲಿ ಎದ್ದ ಅಲೆ ಇಲ್ಲಿ ಗಾಳಿ ಇಲ್ಲದಿದ್ದರೂ ಬಂದು ಬಡೀತದೆ. ಇದ್ಯಾವುದೂ ಬೇಡ ಅಂದ್ರೆ ದಂಡೆಯಲ್ಲಿ ಬಲೆ ಸರಿಮಾಡ್ತಾ ಕೂತವರನ್ನು ಒಂದು ಮಾತು ಕೇಳಿದರೂ ಆಯ್ತು.

ಡಾಲ್ಫಿನ್ ಎಲ್ಲಿ, ಹೇಗೆ?

ನಮ್ಮ ದಂಡೆಯಿಂದ ಕಾಣುವುದು ಹೆಚ್ಚಾಗಿ ಹಂಪ್‌ಬ್ಯಾಕ್ ಡಾಲ್ಫಿನ್. ಬೆನ್ನ ನಡುವೆ ಸಣ್ಣ ಗೂನು, ಅದರ ಮೇಲೆ ಪುಟ್ಟ ರೆಕ್ಕೆ. ಮೈ ಬೂದು ಬಣ್ಣ. ದೊಡ್ಡದು ಎರಡೂವರೆ ಮೀಟರ್ ಮೇಲೆ ಬೆಳೀತದೆ. ಟಿವಿಯಲ್ಲಿ ತೋರಿಸುವಂತೆ ಸದಾ ಹಾರುತ್ತ ಇರುವ ಜಾತಿ ಅಲ್ಲ. ಉಸಿರಿಗೆ ಮೇಲೆ ಬರ್ತದೆ, ಬೆನ್ನು ತೋರಿಸಿ ಒಳಗೆ ಹೋಗ್ತದೆ, ಸ್ವಲ್ಪ ಹೊತ್ತಿನ ಮೇಲೆ ಇನ್ನೊಂದು ಕಡೆ ಏಳ್ತದೆ.

ಇದು ಆಳ ಸಮುದ್ರದ ಪ್ರಾಣಿಯಲ್ಲ. ಇದರ ಬದುಕೆಲ್ಲ ದಡಕ್ಕೆ ಹತ್ತಿರದ ಆಳವಿಲ್ಲದ ನೀರಿನಲ್ಲಿ, ಅಳಿವೆ ಬಾಯಿ, ಬಂಡೆ ಸಾಲು, ಕೊಲ್ಲಿಗಳಲ್ಲಿ. ಹಾಗಾಗಿಯೇ ನಡೆಯುವವರಿಗೆ ದಡದಿಂದಲೇ ಕಾಣ್ತದೆ. ಅದೇ ಕಾರಣಕ್ಕೆ ಕಷ್ಟವೂ ಇದಕ್ಕೇ ಹೆಚ್ಚು. ಬಲೆ, ಬೋಟಿನ ಓಡಾಟ, ಬಂದರು ಕಾಮಗಾರಿ, ಊರಿನ ಕೊಳಚೆ ಎಲ್ಲವೂ ಇರುವುದು ಇದೇ ನೀರಿನಲ್ಲಿ. ಒಂದು ಸಲಕ್ಕೆ ಒಂದೇ ಮರಿ, ಮುಂದಿನ ಮರಿಗೆ ವರ್ಷಗಳೇ ಬೇಕು. ಒಂದು ಸತ್ತರೆ ಆ ಜಾಗ ಬೇಗ ತುಂಬುವುದಿಲ್ಲ. ಅಂತರರಾಷ್ಟ್ರೀಯ ಸಂಸ್ಥೆ ಐಯುಸಿಎನ್‌ನ ಪಟ್ಟಿಯಲ್ಲಿ ಈ ಜಾತಿ ಅಪಾಯದಲ್ಲಿರುವ ಜೀವಿ ಎಂದೇ ದಾಖಲಾಗಿದೆ.

ನೋಡಲು ಒಳ್ಳೆಯ ಹೊತ್ತು ಬೆಳಗ್ಗೆ ಏಳರಿಂದ ಹತ್ತು. ಕಾರಣ ಸರಳ. ನಮ್ಮದು ಪಶ್ಚಿಮ ಕರಾವಳಿ. ಬೆಳಗ್ಗೆ ಸೂರ್ಯ ಬೆನ್ನ ಹಿಂದೆ ಇರ್ತದೆ, ನೀರಿನ ಮೇಲೆ ಬೆಳಕು ಸರಿಯಾಗಿ ಬೀಳ್ತದೆ. ಕಡಲ ಗಾಳಿ ಇನ್ನೂ ಎದ್ದಿರುವುದಿಲ್ಲ. ಮಧ್ಯಾಹ್ನದ ಮೇಲೆ ಗಾಳಿಗೆ ನೀರು ಕೆದರಿ ಬಿಳಿ ನೊರೆ ಏಳ್ತದೆ, ಸಂಜೆ ಬಿಸಿಲು ಕಣ್ಣಿಗೆ ಹೊಡೀತದೆ. ಆಗ ರೆಕ್ಕೆ ಯಾವುದು, ಅಲೆ ಯಾವುದು ಅಂತ ಗೊತ್ತಾಗುವುದಿಲ್ಲ.

ಜಾಗ ಅಂದ್ರೆ ಎತ್ತರದ ಗುಡ್ಡದ ತುದಿ. ಓಂ, ಹಾಫ್ ಮೂನ್ ನಡುವಿನ ದಾರಿ, ಕುಡ್ಲೆ ಮೇಲಿನ ಗುಡ್ಡ, ಕಡ್ಲೆ ಕಡೆಯ ಗುಡ್ಡಗಳು, ಅಘನಾಶಿನಿ ಅಳಿವೆ ಬಾಯಿ. ದಂಡೆ ಮಟ್ಟದಲ್ಲಿ ನಿಂತರೆ ಅಲೆ ಅಡ್ಡ ಬರ್ತದೆ, ಮೇಲಿಂದ ನೋಡಿದರೆ ಒಳಗಿನ ನೆರಳೂ ಕಾಣ್ತದೆ. ಅಂಚಿನಿಂದ ಹಿಂದೆ ಸರಿದು ಒಂದು ಕಡೆ ಅರ್ಧ ಗಂಟೆ ಸುಮ್ಮನೆ ಕೂರಬೇಕು. ಕಡಲಕ್ಕಿಗಳು ಒಂದೇ ಕಡೆ ನೀರಿಗೆ ಎರಗ್ತಿದ್ದರೆ ಅಲ್ಲಿ ಮೀನಿದೆ. ಮೀನಿದ್ದಲ್ಲಿ ಡಾಲ್ಫಿನ್ ಬರುವ ಸಾಧ್ಯತೆ ಜಾಸ್ತಿ. ಖಂಡಿತ ಕಾಣ್ತದೆ ಅಂತ ಯಾರಿಗೂ ಮಾತು ಕೊಡಬೇಡಿ.

ರೆಕ್ಕೆಯೇ ಇಲ್ಲದ, ನುಣುಪಾದ ಕಪ್ಪು ಬೆನ್ನು ಒಂದು ಕ್ಷಣ ಕಂಡು ಮಾಯವಾದರೆ ಅದು ಡಾಲ್ಫಿನ್ ಅಲ್ಲ, ಅದರ ನೆಂಟ ಫಿನ್‌ಲೆಸ್ ಪೋರ್ಪಾಯಿಸ್ ಇರಬಹುದು. ನಾಚಿಕೆಯ ಪ್ರಾಣಿ, ಬೋಟಿನ ಸದ್ದಿಗೆ ದೂರ ಹೋಗ್ತದೆ. ಬಲೆಗೆ ಸಿಕ್ಕಿ ಸಾಯುವುದರಲ್ಲಿ ಇದೂ ಒಂದು.

ಬೋಟಿನಲ್ಲಿ ಹೋಗಿ ನೋಡುವವರೂ ಇದ್ದಾರೆ, ಅದರಿಂದ ಹಲವರ ಮನೆ ನಡೀತದೆ. ಅದು ತಪ್ಪಲ್ಲ. ಆದರೆ ಬೆನ್ನಟ್ಟಿದರೆ ಡಾಲ್ಫಿನ್ ಮೇವು ಬಿಟ್ಟು ಓಡ್ತದೆ, ತಾಯಿ ಮರಿ ಬೇರೆ ಆಗ್ತವೆ. ಎಂಜಿನ್ ನಿಧಾನ ಮಾಡಿ ಪಕ್ಕದಲ್ಲಿ ನಿಲ್ಲಬೇಕು. ಎದುರಿಗೆ ಹೋಗಿ ಅಡ್ಡಗಟ್ಟಬಾರದು, ಗುಂಪಿನ ನಡುವೆ ನುಗ್ಗಬಾರದು, ಒಂದೇ ಗುಂಪಿನ ಸುತ್ತ ನಾಲ್ಕೈದು ಬೋಟು ಸೇರಬಾರದು. ಡಾಲ್ಫಿನ್ ಆ ಜಾಗ ಬಿಟ್ಟು ಹೋದರೆ ಮೊದಲು ನಷ್ಟ ಆಗೋದು ಬೋಟಿನವರಿಗೇ.

ಕಡಲಾಮೆ

ನಮ್ಮ ಜಿಲ್ಲೆಯ ದಂಡೆಗೆ ಮೊಟ್ಟೆ ಇಡಲು ಬರುವುದು ಆಲಿವ್ ರಿಡ್ಲೆ ಕಡಲಾಮೆ. ಹೊನ್ನಾವರದ ಕಾಸರಕೋಡ ಟೊಂಕಾ, ಕಾರವಾರ ಕಡೆಯ ದಂಡೆಗಳು ಇದಕ್ಕೆ ಹೆಸರಾದವು. ಚಳಿಗಾಲ ಶುರುವಾದ ಮೇಲೆ ಮಾರ್ಚ್‌ವರೆಗೆ ರಾತ್ರಿ ಹೊತ್ತು ಹೆಣ್ಣಾಮೆ ದಂಡೆಗೆ ಹತ್ತಿ, ಮರಳು ತೋಡಿ ನೂರರ ಆಸುಪಾಸು ಮೊಟ್ಟೆ ಇಟ್ಟು ಹೋಗ್ತದೆ. 45ರಿಂದ 60 ದಿನಕ್ಕೆ ಮರಿ ಹೊರಗೆ ಬರ್ತವೆ. ಮರಳಿನ ಬಿಸಿ ಹೆಚ್ಚಿದ್ದರೆ ಹೆಣ್ಣು ಮರಿ ಜಾಸ್ತಿ, ಕಮ್ಮಿ ಇದ್ದರೆ ಗಂಡು ಜಾಸ್ತಿ.

ಬೆಳಗ್ಗೆ ನಡೆಯುವವರಿಗೆ ಟ್ರ್ಯಾಕ್ಟರ್ ಗಾಲಿಯಂಥ ಗುರುತು ನೀರಿನಿಂದ ಮೇಲಕ್ಕೆ ಹೋಗಿ, ಮತ್ತೆ ನೀರಿಗೆ ಇಳಿದದ್ದು ಕಂಡರೆ ರಾತ್ರಿ ಆಮೆ ಬಂದಿತ್ತು ಅಂತ ಅರ್ಥ. ಆ ಜಾಗ ಕೆದಕಬಾರದು, ಮೇಲೆ ಕಾಲಿಡಬಾರದು. ಅರಣ್ಯ ಇಲಾಖೆಗೆ ತಿಳಿಸಿದರೆ ಅವರು ಗೂಡಿಗೆ ಬಲೆ ಕಟ್ಟಿ ಕಾಯ್ತಾರೆ.

ಮರಿಗಳು ರಾತ್ರಿ ಹೊರಬಂದು ಬೆಳಕು ಇರುವ ಕಡೆಗೆ ಹೋಗ್ತವೆ. ದೀಪವೇ ಇಲ್ಲದ ಕಾಲದಲ್ಲಿ ಬೆಳಕು ಅಂದ್ರೆ ಸಮುದ್ರದ ಕಡೆಯ ಆಕಾಶ. ಈಗ ದಂಡೆಯ ಅಂಗಡಿ, ರೆಸಾರ್ಟಿನ ಬಿಳಿ ಲೈಟ್ ಅದಕ್ಕಿಂತ ಜೋರು. ಮರಿಗಳು ತಿರುಗಿ ರಸ್ತೆ ಕಡೆ ಬಂದು ನಾಯಿ, ಕಾಗೆ ಬಾಯಿಗೆ ಬೀಳ್ತವೆ, ಇಲ್ಲಾಂದ್ರೆ ಬೆಳಗಿನ ಬಿಸಿಲಿಗೆ ಒಣಗ್ತವೆ.

ಬಂಡೆ ನಡುವಿನ ಗುಂಡಿಗಳು

ಇಳಿತದ ಹೊತ್ತಿಗೆ ಬಂಡೆ ಸಂದಿಯ ಗುಂಡಿಗಳಲ್ಲಿ ನೀರು ಉಳೀತದೆ. ದುಡ್ಡು ಕೊಡದೆ ನೋಡಬಹುದಾದ ಅಕ್ವೇರಿಯಂ ಅದು. ಹೂವಿನಂತೆ ಬಿಚ್ಚಿಕೊಂಡ ಕಡಲ ಹೂವು, ಚಿಪ್ಪು ಹೊತ್ತ ಸನ್ಯಾಸಿ ಏಡಿ, ಪುಟ್ಟ ಮೀನು, ಬಂಡೆಗೆ ಅಂಟಿದ ಸಿಂಪಿ, ನೀಲಿಕಲ್ಲು. ಹಾಫ್ ಮೂನ್ ಸುತ್ತಲಿನ ಬಂಡೆ, ಓಂ ಬೀಚಿನ ನಡುವಿನ ಬಂಡೆ ಸಾಲು ಇದಕ್ಕೆ ಅನುಕೂಲ.

ಮರಳಿನ ಮೇಲೆ ಸಾಸಿವೆ ಉಂಡೆಯಂತೆ ಸಾಲಾಗಿ ಬಿದ್ದ ಮರಳು ಗುಂಡುಗಳು ಪುಟ್ಟ ಏಡಿಗಳ ಕೆಲಸ. ಮರಳನ್ನು ಬಾಯಿಗೆ ಹಾಕಿ ತಿನ್ನುವುದನ್ನು ತಿಂದು ಉಳಿದದ್ದನ್ನು ಉಂಡೆ ಮಾಡಿ ಬಿಡ್ತವೆ. ಒಂದು ಉಬ್ಬರಕ್ಕೆ ಎಲ್ಲ ಅಳಿಸಿಹೋಗಿ, ಮತ್ತೆ ಶುರು.

ಬಂಡೆ ಮೇಲೆ ಬರಿಗಾಲು ಬೇಡ, ಸಿಂಪಿ ಬ್ಲೇಡಿನಂತೆ ಕೊಯ್ತದೆ. ಕಲ್ಲು ಎತ್ತಿ ನೋಡಿದರೆ ಇದ್ದ ಹಾಗೇ ಇಡಬೇಕು. ದಂಡೆಗೆ ಬಿದ್ದ ಜೆಲ್ಲಿ ಮೀನು ಸತ್ತಿದ್ದರೂ ಮುಟ್ಟಬಾರದು, ಉರಿ ಬರ್ತದೆ. ಖಾಲಿ ಚಿಪ್ಪು ಅಂತ ಚೀಲ ತುಂಬಿಸಿಕೊಳ್ಳುವುದೂ ಸರಿಯಲ್ಲ. ಸನ್ಯಾಸಿ ಏಡಿಗೆ ಅದೇ ಮನೆ.

ಅಳಿವೆ: ಅರ್ಧ ದಿನ ಇಲ್ಲಿಗೇ ಇಡಿ

ಶಿರಸಿ ಕಡೆ ಹುಟ್ಟಿ ಅಣೆಕಟ್ಟೇ ಇಲ್ಲದೆ ಸಮುದ್ರ ಸೇರುವ ಹೊಳೆ ಅಘನಾಶಿನಿ. ಇದರ ಅಳಿವೆಯ 4,801 ಹೆಕ್ಟೇರ್ ಪ್ರದೇಶ ರಾಮ್ಸರ್ ತಾಣಗಳ ಪಟ್ಟಿಗೆ ಸೇರಿದ್ದನ್ನು ಕೇಂದ್ರ ಸರ್ಕಾರ 2024ರ ಜನವರಿ ಕೊನೆಯಲ್ಲಿ ಪ್ರಕಟಿಸಿತು. ಕಾಂಡ್ಲಾ ಗಿಡ, ಕಗ್ಗ ಭತ್ತದ ಗಜನಿ, ಬಳಚು ಹೆಕ್ಕುವ ಹೆಂಗಸರು, ಇವೆಲ್ಲ ಸೇರಿ ಈ ಅಳಿವೆ. ಬಳಚು, ಸಿಗಡಿ, ಏಡಿ ನಂಬಿ ಬದುಕುವ ಕುಟುಂಬಗಳು ದಡದ ಊರೂರಲ್ಲೂ ಇವೆ.

ಇಳಿತದಲ್ಲಿ ಕೆಸರು ತೆರೆದುಕೊಂಡಾಗ ಕೊಕ್ಕರೆ, ಚಳಿಗಾಲಕ್ಕೆ ಹೊರದೇಶದಿಂದ ಬರುವ ಗೊರವ ಹಕ್ಕಿಗಳು ಮೇಯ್ತವೆ. ಮೇಲೆ ಗರುಡ, ಬಿಳಿ ಹೊಟ್ಟೆಯ ಕಡಲ ಹದ್ದು. ಕಾಂಡ್ಲಾ ಅಂಚಿನಲ್ಲಿ ಅದೃಷ್ಟ ಇದ್ದರೆ ನೀರುನಾಯಿ. ದೋಣಿಗೆ ಕಾಯುವ ಹೊತ್ತೇ ಇವನ್ನು ನೋಡುವ ಹೊತ್ತು.

ಅಪಾಯ ಎಲ್ಲಿ?

ಈ ಜಿಲ್ಲೆಯ ದಂಡೆಯಲ್ಲಿ ಜೀವ ಹೋಗುವುದು ಹೆಚ್ಚಾಗಿ ಎರಡು ರೀತಿ. ಒಂದು, ಸೆಳೆತ ಗೊತ್ತಿಲ್ಲದೆ ನೀರಿಗೆ ಇಳಿಯುವುದು. ಇನ್ನೊಂದು, ಫೋಟೋಕ್ಕೆ ಬಂಡೆ ಅಂಚಿಗೆ ಹೋಗುವುದು. 2024ರ ಡಿಸೆಂಬರ್‌ನಲ್ಲಿ ಮುರ್ಡೇಶ್ವರಕ್ಕೆ ಪ್ರವಾಸ ಬಂದಿದ್ದ ನಾಲ್ವರು ವಿದ್ಯಾರ್ಥಿನಿಯರು ಸಮುದ್ರಪಾಲಾದರು. ಆ ಮಕ್ಕಳು ಬಂದದ್ದು ಸಮುದ್ರ ಇಲ್ಲದ ಕೋಲಾರ ಜಿಲ್ಲೆಯಿಂದ. ಗೊತ್ತಿಲ್ಲದವರಿಗೆ ಗೊತ್ತಿದ್ದವರು ಹೇಳಲೇಬೇಕು.

ನೋಡಲು ಶಾಂತವಾಗಿ, ಅಲೆ ಒಡೆಯದೆ ಇರುವ ನೀರಿನ ಪಟ್ಟಿಯೇ ಹಲವು ಸಲ ಸೆಳೆತದ ಜಾಗ. ಸಿಕ್ಕಿಕೊಂಡರೆ ದಡದ ಕಡೆ ಎದುರು ಈಜದೆ, ದಂಡೆಗೆ ಸಮನಾಗಿ ಅಡ್ಡಕ್ಕೆ ಈಜಿ ಹೊರಬರಬೇಕು. ಪ್ಯಾರಡೈಸ್, ಹಾಫ್ ಮೂನ್ ಕಡೆ ಏನಾದರೂ ಆದರೆ ವಾಹನ ಹೋಗುವ ರಸ್ತೆ ಇಲ್ಲ ಎನ್ನುವುದು ನೆನಪಿರಲಿ.

ಜತೆಗಿರಬೇಕಾದದ್ದು: ಒಬ್ಬರಿಗೆ ಮೂರು ಲೀಟರ್ ನೀರು, ಟೋಪಿ, ಹಿಡಿತ ಇರುವ ಬೂಟು, ಟಾರ್ಚ್, ಬ್ಯಾಂಡೇಜು, ಅವಲಕ್ಕಿ, ಬಾಳೆಹಣ್ಣಿನಂಥ ತಿಂಡಿ, ಚಿಲ್ಲರೆ ಹಣ. ಸಾಧ್ಯವಾದರೆ ಒಂದು ಬೈನಾಕ್ಯುಲರ್. ಒಬ್ಬರೇ ಹೋಗಬಾರದು. ಕತ್ತಲಾಗುವ ಒಂದು ಗಂಟೆ ಮೊದಲೇ ಗುಡ್ಡದ ದಾರಿ ಮುಗಿದಿರಬೇಕು. ಟೆಂಟ್ ಹಾಕುವವರು ಅರಣ್ಯ ಇಲಾಖೆ, ಪೊಲೀಸರನ್ನು ಮೊದಲೇ ಕೇಳಬೇಕು.

ಅಂಗಡಿಯವರು ಮಾಡಬಹುದಾದ ಐದು ಕೆಲಸ

1. ಆ ದಿನದ ಉಬ್ಬರ ಇಳಿತದ ಹೊತ್ತು, ಕೊನೆಯ ದೋಣಿ ಹೊತ್ತು ಎರಡನ್ನೂ ಒಂದು ಹಲಗೆ ಮೇಲೆ ಬರೆದಿಡಿ. ಕೇಳುವವರಿಗೂ ಅನುಕೂಲ, ಅಂಗಡಿಗೂ ಜನ ನಿಲ್ತಾರೆ.

2. ದಂಡೆ ಕಡೆಯ ಬಿಳಿ ಲೈಟನ್ನು ಆಮೆ ಬರುವ ತಿಂಗಳುಗಳಲ್ಲಿ ರಾತ್ರಿ ಆರಿಸಿ. ಬೇಕೇ ಬೇಕಾದರೆ ಹಳದಿ ಬಲ್ಬು ಹಾಕಿ, ಮುಖ ನೆಲದ ಕಡೆ ತಿರುಗಿಸಿ.

3. ಬಾಟಲಿ ನೀರಿನ ಬದಲು ತಂದ ಬಾಟಲಿಗೆ ಶುದ್ಧ ನೀರು ತುಂಬಿಸಿ ಅದಕ್ಕೇ ದುಡ್ಡು ತಗೊಳ್ಳಿ. ಸೀಯಾಳ, ಮುರುಗಲ ಶರಬತ್ತು ಪ್ಲಾಸ್ಟಿಕ್ ಇಲ್ಲದೇ ಮಾರಬಹುದು.

4. ಉಳಿದ ಅನ್ನ, ಮೀನಿನ ತ್ಯಾಜ್ಯ ದಂಡೆಗೆ ಎಸೆಯಬೇಡಿ. ಅದಕ್ಕೆ ಸೇರುವ ನಾಯಿಗಳೇ ಆಮೆ ಗೂಡು ತೋಡುವುದು.

5. ಹವಳ, ಕುದುರೆ ಮೀನು, ಕಾನೂನಿನ ಪಟ್ಟಿಯಲ್ಲಿರುವ ಶಂಖ ಮಾರಾಟಕ್ಕೆ ಇಡಬೇಡಿ. ಹೊರಗಿನ ಊರಿಂದ ತಂದದ್ದು ಅಂದರೂ ಕೇಸಿನಿಂದ ತಪ್ಪಿಸಿಕೊಳ್ಳಲು ಆಗುವುದಿಲ್ಲ.

ಕಾನೂನು ಏನು ಹೇಳ್ತದೆ?

ಡಾಲ್ಫಿನ್, ಪೋರ್ಪಾಯಿಸ್, ಕಡಲಾಮೆ, ಹವಳ, ಕುದುರೆ ಮೀನು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿವೆ. ಅಂದರೆ ಹುಲಿಗೆ ಎಷ್ಟು ರಕ್ಷಣೆಯೋ ಇವಕ್ಕೂ ಅಷ್ಟೇ. ತಿದ್ದುಪಡಿ ಆದ ಕಾಯ್ದೆ 2023ರ ಏಪ್ರಿಲ್ 1ರಿಂದ ಜಾರಿಯಲ್ಲಿದೆ. ಈ ಪಟ್ಟಿಯ ಜೀವಿಗಳನ್ನು ಬೇಟೆಯಾಡಿದರೆ, ಮಾರಿದರೆ ಮೂರರಿಂದ ಏಳು ವರ್ಷ ಜೈಲು, ಕನಿಷ್ಠ 25 ಸಾವಿರ ರೂಪಾಯಿ ದಂಡ. ಆಮೆ ಮೊಟ್ಟೆ ತೆಗೆಯುವುದೂ ಇದರಲ್ಲೇ ಬರ್ತದೆ.

ಬಲೆಗೆ ಆಮೆ ಅಥವಾ ಡಾಲ್ಫಿನ್ ಸಿಕ್ಕರೆ ಬಲೆ ಕತ್ತರಿಸಿ ಬಿಡುವುದು ಒಳ್ಳೆಯದು. ದಡಕ್ಕೆ ಜೀವಂತ ಬಂದು ಬಿದ್ದ ಡಾಲ್ಫಿನ್ ಕಂಡರೆ ಬಾಲ ಹಿಡಿದು ಎಳೆಯಬಾರದು. ತಲೆ ಮೇಲಿನ ಉಸಿರಿನ ತೂತಿಗೆ ನೀರು, ಮರಳು ಹೋಗದಂತೆ ನೋಡಿಕೊಂಡು, ಮೈಗೆ ಒದ್ದೆ ಬಟ್ಟೆ ಹಾಕಿ ನೆರಳು ಮಾಡಿ, ಜನ ಸೇರದಂತೆ ತಡೆದು ಫೋನ್ ಮಾಡಬೇಕು.

ಫೋನ್ ಸಂಖ್ಯೆಗಳು

ಯಾವುದೇ ತುರ್ತು: 112
ಅರಣ್ಯ ಇಲಾಖೆ ಸಹಾಯವಾಣಿ: 1926
ಕರಾವಳಿ ಕಾವಲು ಪೊಲೀಸ್: 1093

ಗುಡ್ಡದ ಹಿಂದೆ ಹಲವು ಕಡೆ ನೆಟ್‌ವರ್ಕ್ ಸಿಗುವುದಿಲ್ಲ. ಹೊರಡುವ ಮೊದಲು ಯಾವ ದಾರಿ, ಎಷ್ಟು ಜನ, ಎಷ್ಟೊತ್ತಿಗೆ ತಲುಪುತ್ತೀರಿ ಎಂದು ಉಳಿದುಕೊಂಡ ಮನೆಯಲ್ಲೋ ದೋಣಿಯವರಲ್ಲೋ ಹೇಳಿ ಹೋಗಿ. ತಲುಪಿದ ಮೇಲೆ ಒಂದು ಫೋನ್ ಮಾಡಿ ತಿಳಿಸಿ.